ಐವತ್ತೊಂದು ನಿಮಿಷ

ಜನವರಿ 9

ಕಾಲು ಕೆ.ಜಿ.ಗೆ,

ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಬೈಯುವುದಿದೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನ್ನ ಬೀದಿಯ ಅಂಗಡಿಯಲ್ಲಿ ಒಂದೇ ಬೆಲೆಗೆ ಮೂರು ಥರದ ಫೋನ್ ಕಾರ್ಡು ಸಿಗುತ್ತವೆ, ಒಂದರ ಮೇಲೆ ಇಪ್ಪತ್ತಾರು ನಿಮಿಷ, ಒಂದರ ಮೇಲೆ ನಲವತ್ತು, ಇನ್ನೊಂದರ ಮೇಲೆ ಅರವತ್ತು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ ಎಂದು ನೀನೇ ಬರೆದಿದ್ದೀಯ. ಬರೆದ ನೀನೇ ಎಂಟು ತಿಂಗಳಿಂದ ಇಪ್ಪತ್ತಾರರದ್ದನ್ನೇ ಕೊಳ್ಳುತ್ತಿದ್ದೀಯಂತೆ. ಕಾರಣವೇನೆಂದರೆ ಮೊದಲ ದಿನ ರೂಮಿನವಳು ಅದನ್ನೇ ಕೊಡಿಸಿದಳಂತೆ, ಅದೇ ಅಭ್ಯಾಸವಾಯಿತಂತೆ. ತಕ್ಕಡಿ ರಿಪೇರಿಯವನ ಮನೆಯಲ್ಲಿ ಹುಟ್ಟಿದವಳು ಆಡುವ ಮಾತೇ ಇದು? ಹುಟ್ಟಿದಾಗ ಕಾಲು ಕೆ.ಜಿ. ಕಲ್ಲಿನಷ್ಟೇ ಇದ್ದೀಯ ಎಂದು ಹೆಸರಿಟ್ಟವನು ನಾನು. ಬುದ್ಧಿಯೂ ಅಷ್ಟೇ ತೂಗುತ್ತದೆ ಎಂದು ಈಗ ಗೊತ್ತಾಯಿತು.

ಇಲ್ಲಿ ಭಾನುವಾರ ನಿನ್ನ ಅಮ್ಮ ಮೊದಲ ಹದಿನೈದು ನಿಮಿಷ ತಿಂದುಬಿಡುತ್ತಾಳೆ. ನನಗೆ ಉಳಿಯುವುದು ಹನ್ನೊಂದು. ಅದರಲ್ಲೂ ಅರ್ಧ, ಔಷಧಿ ತಗೊಂಡ್ರಾ ಎಂದು ನೀನು ಕೇಳುವುದಕ್ಕೇ ಹೋಗುತ್ತದೆ. ಈ ಕಾಗದ ಕೈಗೆ ಬಂದ ದಿನವೇ ಅರವತ್ತರ ಕಾರ್ಡು ಕೊಂಡುಕೋ. ಇದು ಅಪ್ಪನ ಮಾತು, ವಾದ ಬೇಡ.

ದಿನಾ ಕೆಲಸ ಮುಗಿಸಿ ಬಂದ ಮೇಲೆ ಕೊಡುವ ಎರಡು ರಿಂಗ್ ಮಾತ್ರ ಬಿಡಬೇಡ. ನಮಗೆ ಇಲ್ಲಿ ಆಗ ಸರಿಯಾಗಿ ಏಳು ಗಂಟೆ. ಎರಡು ರಿಂಗ್ ಆಗಿ ನಿಂತರೆ ನೀನು ಹುಷಾರಾಗಿ ಮನೆ ಸೇರಿದೆ ಎಂದು ನಾವು ದೀಪ ಹಾಕಿ ಊಟದ ತಯಾರಿ ಮಾಡುತ್ತೇವೆ. ನಾವು ಎತ್ತುವುದಿಲ್ಲ, ಎತ್ತದಿದ್ದರೆ ನಿನಗೆ ಒಂದು ಕಾಸೂ ಖರ್ಚಿಲ್ಲ. ಈ ಉಪಾಯ ಯಾರದು ಎಂದು ನೆನಪಿರಲಿ.

ಆಶೀರ್ವಾದ.
ಅಪ್ಪ


ಜನವರಿ 31

ಅಪ್ಪನಿಗೆ ನಮಸ್ಕಾರ,

ಬೈಗುಳ ತಲುಪಿತು, ಪೂರ್ತಿ ತೂಕಕ್ಕೆ. ಹೋದ ಸೋಮವಾರವೇ ಅರವತ್ತರ ಕಾರ್ಡು ತಂದೆ. ಹಳದಿ ಬಣ್ಣ, ಮೇಲೊಂದು ನಗುವ ಸೂರ್ಯ. ಅಂಗಡಿಯವನು ನನ್ನ ಮುಖ ನೋಡಿ, ಇಷ್ಟು ದಿನಕ್ಕೆ ಬುದ್ಧಿ ಬಂತಾ ಎನ್ನುವ ಹಾಗೆ ನಕ್ಕ. ನಿಮ್ಮ ಸ್ನೇಹಿತನೇ ಇರಬೇಕು.

ನಿನ್ನೆ ಒಂಬತ್ತು ನಿಮಿಷಕ್ಕೇ ಲೈನು ಹೋಯಿತಲ್ಲ, ಏನಾಯಿತೋ ಗೊತ್ತಾಗಲಿಲ್ಲ. ಮೊದಲ ಸಲ ಅಲ್ಲವೇ, ಸರಿಹೋಗುತ್ತದೆ. ಇಲ್ಲಿ ಲಾಂಡ್ರಿಯಲ್ಲಿ ಕೆಲಸ ಜಾಸ್ತಿ. ಎರಡು ಹೊಸ ಹೋಟೆಲುಗಳ ಬಟ್ಟೆ ನಮಗೇ ಬಂದಿದೆ. ದಿನಕ್ಕೆ ಒಂಬೈನೂರು ಹಾಸಿಗೆ ಹೊದಿಕೆ ಮಡಿಸುತ್ತೇನೆ. ನಾಲ್ಕು ಮೂಲೆ ಹಿಡಿದು ಕೊಡವಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಅಮ್ಮನಿಗೆ ಇದನ್ನು ಓದಿ ಹೇಳಬೇಡಿ, ಸುಮ್ಮನೆ ಅಳುತ್ತಾಳೆ.

ಇನ್ನೊಂದು ಮಾತು. ಮುಂದಿನ ತಿಂಗಳು ಯಾವುದಾದರೂ ಭಾನುವಾರ ನಿಮ್ಮ ಹತ್ತಿರ ಒಬ್ಬರ ವಿಷಯ ನಿಧಾನವಾಗಿ ಮಾತಾಡಬೇಕು. ಕಾಗದದಲ್ಲಿ ಬರೆಯುವ ವಿಷಯ ಅಲ್ಲ. ಹೇಗೂ ಈಗ ಅರವತ್ತು ನಿಮಿಷ ಇದೆಯಲ್ಲ.

ನಿಮ್ಮ ಮಗಳು


ಫೆಬ್ರವರಿ 21

ಮಗಳಿಗೆ,

ನಿನ್ನೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಯಾರು ಆ ಲಾಂಡ್ರಿ ವ್ಯಾನ್ ಡ್ರೈವರ್? ಅಷ್ಟು ಕೇಳಿದ್ದಕ್ಕೆ ನೀನು ಫೋನ್ ಇಟ್ಟುಬಿಟ್ಟೆ. ಅಪ್ಪನ ಮುಖಕ್ಕೆ ಬಾಗಿಲು ಹಾಕುವಷ್ಟು ದೊಡ್ಡವಳಾಗಿದ್ದೀಯ ಎಂದು ತಿಳಿಯಿತು.

ವಿಷಯ ನನಗೆ ಹೇಗೆ ಗೊತ್ತಾಯಿತು ಎಂದು ನೀನು ಯೋಚಿಸುತ್ತಿರಬಹುದು. ನಿನ್ನ ರೂಮಿನವಳ ತಾಯಿ, ಆ ದಿನಸಿ ಅಂಗಡಿಯಾಕೆ, ತಕ್ಕಡಿಯ ಮುಳ್ಳು ಸರಿಮಾಡಿಸಲು ಬಂದಿದ್ದಳು. ಬಂದವಳು ನಾಲ್ಕು ಜನ ಗಿರಾಕಿಗಳ ಮುಂದೆ, "ನಿಮ್ಮ ಹುಡುಗಿ ದಿನಾ ವ್ಯಾನಿನ ಮುಂದಿನ ಸೀಟಲ್ಲೇ ಕೂತು ಹೋಗ್ತಾಳಂತಲ್ಲ" ಎಂದಳು. ನಾನು ತಲೆ ಎತ್ತಲಿಲ್ಲ. ಮುಳ್ಳು ಸರಿಮಾಡಿ ಕೊಟ್ಟೆ, ಕೂಲಿ ತೆಗೆದುಕೊಳ್ಳುವುದನ್ನೂ ಮರೆತೆ.

ಲೈನು ಹೋಯಿತು ಎಂದು ಮತ್ತೆ ಬರೆಯಬೇಡ. ನಾನು ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ನಾಲ್ಕು ಭಾನುವಾರ, ನಾಲ್ಕೂ ಸಲ ಒಂಬತ್ತೇ ನಿಮಿಷ. ಲೈನು ಕೆಟ್ಟರೆ ಒಂದು ದಿನ ಐದಕ್ಕೆ ಕೆಡಬೇಕು, ಒಂದು ದಿನ ಇಪ್ಪತ್ತಕ್ಕೆ ಕೆಡಬೇಕು. ಗಡಿಯಾರ ನೋಡಿಕೊಂಡು ಕೆಡುವ ಲೈನನ್ನು ನಾನು ಎಲ್ಲೂ ಕಂಡಿಲ್ಲ. ಕಾರ್ಡಿನ ಮೇಲೆ ಅರವತ್ತು ಎಂದು ಅಚ್ಚಾಗಿದೆ, ನೀನೇ ಹೇಳಿದ್ದು. ನಮ್ಮ ಪಾಲಿಗೆ ಒಂಬತ್ತು. ಉಳಿದ ಐವತ್ತೊಂದು ನಿಮಿಷ ಯಾರಿಗೆ? ಮುಂದಿನ ಸೀಟಿನವನಿಗಾ?

ಇದಕ್ಕೆ ಉತ್ತರ ಬರೆದು ಕಳಿಸು. ಅಲ್ಲಿಯವರೆಗೆ ಭಾನುವಾರ ಫೋನ್ ಬಂದರೆ ನಾನು ಎತ್ತುವುದಿಲ್ಲ, ನಿನ್ನ ಅಮ್ಮನಿಗೂ ಎತ್ತಲು ಬಿಡುವುದಿಲ್ಲ.

ಅಪ್ಪ


ಮಾರ್ಚ್ 7

ಅಪ್ಪನಿಗೆ,

ನಾನು ಫೋನ್ ಇಡಲಿಲ್ಲ. ಇದನ್ನು ಒಂದು ಸಲ ಹೇಳುತ್ತೇನೆ, ಎರಡನೇ ಸಲ ಹೇಳುವುದಿಲ್ಲ.

ನೀವು ಕೇಳಿದಿರಿ, ನಾನು "ಅಪ್ಪಾ, ಅವರ ವಿಷಯಾನೇ ಹೇಳಬೇಕು ಅಂತಿದ್ದೆ" ಎಂದೆ. ಅಷ್ಟರಲ್ಲಿ ಟುಕ್ ಎಂದಿತು. ಆಮೇಲೆ ಸುಮಾರು ಹೊತ್ತು ಸತ್ತ ಫೋನಿಗೆ ಎಲ್ಲ ಹೇಳುತ್ತಲೇ ಇದ್ದೆ. ನೀವು ಸಿಟ್ಟಿನಿಂದ ಸುಮ್ಮನಿದ್ದೀರಿ ಎಂದುಕೊಂಡೆ. ನೀವು ಆ ಥರ ಸುಮ್ಮನಿರುವುದು ಹೊಸದಲ್ಲವಲ್ಲ. ಬೂತಿನ ಹೊರಗೆ ಕಾಯುತ್ತಿದ್ದ ಹೆಂಗಸು ಬಾಗಿಲು ಬಡಿದ ಮೇಲೆ ಗೊತ್ತಾಯಿತು. ಭಾನುವಾರ ಕಾರ್ಡಿನ ಅಂಗಡಿ ಮುಚ್ಚಿರುತ್ತದೆ, ಇನ್ನೊಂದು ಕೊಂಡು ಮಾಡೋಣ ಎಂದರೆ ಅದೂ ಇಲ್ಲ. ಅದಾದ ಮೇಲೆ ಎರಡು ಭಾನುವಾರ ಮಾಡಿದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಯಾಕೆಂದು ನಿಮ್ಮ ಕಾಗದ ಇವತ್ತು ಹೇಳಿತು.

ನಿಮ್ಮ ಲೆಕ್ಕದಲ್ಲಿ ದಿನಸಿ ಅಂಗಡಿಯಾಕೆ ಹೇಳಿದ್ದು ನಿಜ. ಕಾರ್ಡಿನ ಮೇಲೆ ಅಚ್ಚಾದದ್ದೂ ನಿಜ. ಮಗಳು ಹೇಳಿದ್ದು ಮಾತ್ರ ಸುಳ್ಳು. ಐವತ್ತೊಂದು ನಿಮಿಷ ಯಾರಿಗೆ ಕೊಟ್ಟೆ ಎಂದು ಕೇಳಲು ನಿಮಗೆ ನಾಲಿಗೆ ಹೇಗೆ ಬಂತು?

ಇನ್ನು ಭಾನುವಾರದ ಫೋನ್ ಇಲ್ಲ. ಎರಡು ರಿಂಗೂ ಇಲ್ಲ. ಮನೆ ಸೇರಿದೆನೋ ಇಲ್ಲವೋ ಎಂದು ಆ ದಿನಸಿ ಅಂಗಡಿಯಲ್ಲೇ ವಿಚಾರಿಸಿಕೊಳ್ಳಿ.

ಮಗಳು


ಮಾರ್ಚ್ 28

ಮಗಳಿಗೆ,

ಕಾಗದ ಬಂತು. ಉತ್ತರ ಬರಲಿಲ್ಲ. ನಾನು ಕೇಳಿದ್ದು ಲೆಕ್ಕ, ನೀನು ಕಳಿಸಿದ್ದು ಕೋಪ. ಕೋಪ ನಮ್ಮ ಮನೆಯಲ್ಲೇ ಬೇಕಾದಷ್ಟಿದೆ, ಆಮದು ಮಾಡಿಕೊಳ್ಳಬೇಕಾಗಿಲ್ಲ.

ಎರಡು ರಿಂಗ್ ನಿಲ್ಲಿಸಿ ನಮ್ಮನ್ನು ಹೆದರಿಸಬಹುದು ಎಂದುಕೊಂಡಿದ್ದರೆ ಅದು ನಿನ್ನ ಭ್ರಮೆ. ನಾವು ಏಳು ಗಂಟೆಗೆ ದೀಪ ಹಾಕುತ್ತೇವೆ, ಊಟ ಮಾಡುತ್ತೇವೆ, ಮಲಗುತ್ತೇವೆ. ಎಲ್ಲ ಮೊದಲಿನಂತೆಯೇ ನಡೆದಿದೆ.

ಅಪ್ಪ

(ಲಕೋಟೆಯ ಒಳಮಡಿಕೆಯಲ್ಲಿ, ಪೆನ್ಸಿಲಿನಲ್ಲಿ)

ಅಂಟಿಸಿ ಪೋಸ್ಟ್ ಮಾಡೋಕೆ ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ಇಲ್ಲಿ ಬರೀತಿದೀನಿ. ಏನೂ ಮೊದಲಿನ ಹಾಗಿಲ್ಲ ಕಣೇ. ಆರೂಮುಕ್ಕಾಲಿಗೆ ಅಂಗಡಿ ಬಾಗಿಲು ಹಾಕ್ಕೊಂಡು ಓಡಿ ಬರ್ತಾರೆ. ಫೋನ್ ಕೆಟ್ಟಿದೆಯಾ ಅಂತ ದಿನಾ ಎತ್ತಿ ಕಿವಿಗೆ ಇಟ್ಟು ನೋಡ್ತಾರೆ. ಹೋದ ವಾರ ಫೋನಿನವರನ್ನ ಕರೆಸಿ ತಂತಿ ಬದಲಾಯಿಸಿದ್ರು. ನೀನಾದ್ರೂ ಸೋಲು. ಇಲ್ಲದಿದ್ರೆ ಗೆಲ್ಲು, ಆದ್ರೆ ಬೇಗ. ಅಮ್ಮ.


ಏಪ್ರಿಲ್ 19

ಅಪ್ಪನಿಗೆ,

ಲೆಕ್ಕ ಕೇಳಿದಿರಲ್ಲ, ತಗೊಳ್ಳಿ ಲೆಕ್ಕ. ಕೋಪ ಇದರ ಜೊತೆಗೇ ಇದೆ, ಬೇರೆ ಮಾಡಿ ಕಳಿಸಲು ಬರಲಿಲ್ಲ.

ತಕ್ಕಡಿಯ ಮೇಲೆ ಅನುಮಾನ ಬಂದರೆ ಏನು ಮಾಡಬೇಕು ಎಂದು ನೀವು ನನಗೆ ಏಳನೇ ವಯಸ್ಸಿನಲ್ಲೇ ಕಲಿಸಿದ್ದಿರಿ. ಮೊದಲು ಖಾಲಿ ತಟ್ಟೆ. ಆಮೇಲೆ ಗೊತ್ತಿರುವ ತೂಕ. ಆಮೇಲೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು ಮುಳ್ಳು ಜಾರುತ್ತದಾ ನೋಡುವುದು. ನಾನೂ ಹಾಗೇ ಮಾಡಿದೆ. ಒಂದು ಹೊಸ ಹಳದಿ ಕಾರ್ಡು, ಒಂದು ಹಳೇ ಇಪ್ಪತ್ತಾರರ ಕಾರ್ಡು ತಂದೆ. ನಂಬರ್ ಒತ್ತಿದ ಕೂಡಲೇ ಒಬ್ಬ ಹೆಂಗಸಿನ ಧ್ವನಿ ಇಲ್ಲಿಯ ಭಾಷೆಯಲ್ಲಿ ಪಟಪಟ ಎಂದು ಏನೋ ಹೇಳುತ್ತದೆ. ಇಷ್ಟು ದಿನ ಅವಳು ಬಾಯಿ ತೆರೆಯುವ ಮೊದಲೇ ನಾನು ಮನೆಯ ನಂಬರ್ ಒತ್ತಿಬಿಡುತ್ತಿದ್ದೆ. ನಿಮ್ಮ ಧ್ವನಿ ಕೇಳುವ ಅವಸರ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಈ ಸಲ ಪೂರ್ತಿ ಕೇಳಿದೆ. ಅವಳು ಹೇಳುವುದು ಕಾರ್ಡಿನಲ್ಲಿ ಇನ್ನೆಷ್ಟು ನಿಮಿಷ ಇದೆ ಎಂದು.

ಮೊದಲು ಅರವತ್ತು ಎಂದಳು. ನಿಮ್ಮ ಅಂಗಡಿಯ ವಾರದ ರಜೆಯ ದಿನ ಅಂಗಡಿಯ ನಂಬರಿಗೆ ಮಾಡಿದೆ. ಮುಚ್ಚಿದ ಅಂಗಡಿಯಲ್ಲಿ ಫೋನ್ ಎರಡು ಸಲ ಹೊಡೆದುಕೊಂಡಿತು, ಇಟ್ಟೆ. ಅದು ಖಾಲಿ ತಟ್ಟೆ. ಮತ್ತೆ ಕೇಳಿದರೆ ಐವತ್ತಮೂರು. ಯಾರೂ ಎತ್ತಲಿಲ್ಲ, ಯಾರೂ ಮಾತಾಡಲಿಲ್ಲ, ಏಳು ನಿಮಿಷ ಹೋಯಿತು.

ಆಮೇಲೆ ಗೊತ್ತಿರುವ ತೂಕ. ನಿಮ್ಮ ಕಿವಿಗೆ ವಿಷಯ ಹಾಕಿದ ದಿನಸಿ ಅಂಗಡಿಯಾಕೆಗೇ ಫೋನ್ ಮಾಡಿದೆ. ಒಂದೇ ಒಂದು ನಿಮಿಷ. ಅಷ್ಟರಲ್ಲಿ ಅವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ, ಇನ್ನು ನನ್ನ ಸೀಟಿನ ಸುದ್ದಿಗೆ ಬರುವುದಿಲ್ಲ. ಮತ್ತೆ ಕೇಳಿದರೆ ನಲವತ್ತಮೂರು. ಆಡಿದ್ದು ಒಂದು ನಿಮಿಷ, ಹೋಗಿದ್ದು ಹತ್ತು. ಕಾರ್ಡನ್ನು ಮುಟ್ಟದೆ ದಿಂಬಿನ ಕೆಳಗೆ ಇಟ್ಟೆ. ಸೋಮವಾರ ಕಳೆದು ಕೇಳಿದರೆ ಮೂವತ್ತೈದು. ದಿಂಬಿನ ಕೆಳಗೆ ಇದ್ದದ್ದಕ್ಕೂ ಎಂಟು ನಿಮಿಷ.

ಹಳೇ ಕಾರ್ಡಿಗೂ ಇದನ್ನೇ ಮಾಡಿದೆ. ಇಪ್ಪತ್ತಾರು, ಖಾಲಿ ರಿಂಗಿನ ಮೇಲೂ ಇಪ್ಪತ್ತಾರು, ಒಂದು ನಿಮಿಷ ಆಡಿದ ಮೇಲೆ ಇಪ್ಪತ್ತೈದು, ಸೋಮವಾರ ಕಳೆದರೂ ಇಪ್ಪತ್ತೈದು. ನಾನು ತೂಗಿದ ಎರಡು ಕಾರ್ಡಿನಲ್ಲಿ ಕಡಿಮೆ ಅಂಕಿ ಬರೆದಿದ್ದ ಅದೊಂದೇ ಪ್ರಾಮಾಣಿಕವಾಗಿತ್ತು. ನೀವು ಅದನ್ನು ಬಿಡಿಸಿದಿರಿ.

ಹಳದಿ ಕಾರ್ಡು ಹಿಡಿದು ಅಂಗಡಿಗೆ ಹೋದೆ. ಹಿಂಬದಿಯಲ್ಲಿ ಬೂದು ಬಣ್ಣದ ಮೇಲೆ ಬೂದು ಅಕ್ಷರ, ಸಾಸಿವೆಗಿಂತ ಸಣ್ಣದು. ಸಂಪರ್ಕ ಶುಲ್ಕವಂತೆ, ಬೂತಿನಿಂದ ಮಾಡಿದರೆ ಬೂತಿನ ಶುಲ್ಕವಂತೆ, ಆ ಕಡೆ ಎತ್ತದಿದ್ದರೂ ಇವೆರಡೂ ಉಂಟಂತೆ. ಆಡಿದ ಹೊತ್ತನ್ನು ಮೂರು ಮೂರು ನಿಮಿಷದ ಕಟ್ಟಾಗಿಯೇ ಲೆಕ್ಕ ಹಾಕುತ್ತಾರಂತೆ. ಪ್ರತಿ ಸೋಮವಾರ ನಿರ್ವಹಣಾ ಶುಲ್ಕವಂತೆ. ಮೊಬೈಲಿಗೆ ಮಾಡಿದರೆ ದರವೇ ಬೇರೆಯಂತೆ. ಮುಂಬದಿಯ ಅರವತ್ತು ಎಂಬುದು ಈ ಯಾವ ಶುಲ್ಕವೂ ಇಲ್ಲದೆ, ಎಲ್ಲವನ್ನೂ ಒಂದೇ ಕರೆಯಲ್ಲಿ ಆಡಿ ಮುಗಿಸಿದರೆ ಮಾತ್ರವಂತೆ. ಅಂಥ ಕರೆ ಈ ಭೂಮಿಯ ಮೇಲೆ ಯಾರೂ ಮಾಡಲು ಸಾಧ್ಯವಿಲ್ಲ. ಇದು ಹಗಲು ದರೋಡೆ ಎಂದು ಅಂಗಡಿಯವನಿಗೆ ಹೇಳಿದೆ. ಅವನು ನಗುತ್ತಾ, "ಎಲ್ಲರೂ ಮುಂದೆ ನೋಡೇ ತಗೊಳ್ಳೋದು" ಎಂದ. ಲಾಂಡ್ರಿಯ ಹೆಂಗಸರು ಹನ್ನೊಂದು ಜನ ಹಳದಿ ಕಾರ್ಡಿನವರು. ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಬ್ಬಳು ಆ ಕಾರ್ಡನ್ನು ಇಸ್ತ್ರಿ ಯಂತ್ರಕ್ಕೇ ಕೊಟ್ಟಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಾರಕ್ಕೊಂದು ಕಾರ್ಡು, ಸೋಮವಾರ ಕೊಳ್ಳುತ್ತಿದ್ದೆ. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಎರಡು ರಿಂಗ್ ಕೊಟ್ಟೆ. ದಿನಕ್ಕೆ ಏಳರಂತೆ ನಲವತ್ತೆರಡು. ಭಾನುವಾರದ ಶುಲ್ಕ ಏಳು. ಉಳಿದದ್ದು ಹನ್ನೊಂದು. ಅದರಲ್ಲಿ ಮೂರು ನಿಮಿಷದ ಕಟ್ಟು ಮೂರೇ ಆಗುತ್ತದೆ, ಒಂಬತ್ತಕ್ಕೆ ಟುಕ್. ಮಿಕ್ಕ ಎರಡು ನಿಮಿಷ ಸೋಮವಾರದ ಪಾಲು. ನಿಮ್ಮ ಗಡಿಯಾರ ಸರಿಯಾಗಿಯೇ ಇದೆ ಅಪ್ಪಾ. ಪ್ರತಿ ಸಲ ಒಂದೇ ಹೊತ್ತಿಗೆ ಕೆಡುವ ಲೈನು ಇಲ್ಲ ಎಂದಿರಲ್ಲ, ಅದೂ ಸರಿ. ಅಷ್ಟು ಯೋಚಿಸಿದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಾರ್ಡಿನ ಮೇಲೆ ಅನುಮಾನ ಪಡಲಿಲ್ಲ. ಮಗಳ ಮೇಲೆ ಪಟ್ಟಿರಿ.

ಐವತ್ತೊಂದು ನಿಮಿಷ ಯಾರಿಗೆ ಕೊಟ್ಟೆ ಎಂದು ಕೇಳಿದಿರಿ. ಅದರಲ್ಲಿ ನಲವತ್ತೆರಡನ್ನು ನಿಮಗೇ ಕೊಟ್ಟೆ, ಹುಷಾರಾಗಿ ಮನೆ ಸೇರಿದೆ ಎಂದು ಹೇಳುವುದಕ್ಕೆ. ನೀವು ಎತ್ತಲಿಲ್ಲ.

ನಲವತ್ತು ವರ್ಷದಲ್ಲಿ ಯಾವ ಅಂಗಡಿಯವನ ತೂಕದ ಕಲ್ಲಿನ ಮೇಲೆ ಬರೆದದ್ದನ್ನೂ ನಂಬಿದವರಲ್ಲ ನೀವು. ಕೈಯಲ್ಲಿ ಹಿಡಿದು, ಮಗುಚಿ, ತೂಕ ಸರಿಮಾಡಲು ಕೆಳಗೆ ತುಂಬಿದ ಸೀಸವನ್ನು ಕೆರೆದು ನೋಡುತ್ತಿದ್ದಿರಿ. ಎಲ್ಲೋ ಯಾರೋ ಅಚ್ಚುಹಾಕಿದ ಅರವತ್ತನ್ನು ಮಾತ್ರ ಮುಖ ನೋಡಿ ನಂಬಿದಿರಿ. ನನಗೆ ಉರಿಯುವುದು ಇದಕ್ಕೆ, ಕಾರ್ಡಿಗಲ್ಲ.

ಅವರ ವಿಷಯ. ವ್ಯಾನಿನಲ್ಲಿ ನಮ್ಮನ್ನೆಲ್ಲ ಮನೆಗೆ ಬಿಡುವುದು ಅವರ ಕೆಲಸ. ಮುಂದಿನ ಸೀಟಿನಲ್ಲಿ ನಾನು ಕೂರುವುದು ನನ್ನ ಇಷ್ಟ. ನಮ್ಮ ಭಾಷೆಯವರೇ, ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಫೋನಿನಲ್ಲಿ ನಿಮಿಷ ಹೇಳುವ ಆ ಹೆಂಗಸಿನ ಮಾತಿಗೆ ಬೂತಿನಲ್ಲಿ ಪಕ್ಕ ನಿಂತು ಅರ್ಥ ಹೇಳಿದವರೂ, ಕಾರ್ಡಿನ ಹಿಂಬದಿ ಓದಿಕೊಟ್ಟವರೂ ಅವರೇ. ಒಂದು ಸಲ ಮದುವೆಯಾಗಿ ಬಿಟ್ಟುಹೋಗಿದೆ. ನಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ. ಇದನ್ನು ಹೇಳಲು ಒಂಬತ್ತು ನಿಮಿಷ ಸಾಲುವುದಿಲ್ಲ ಎಂದೇ ಆ ಅರವತ್ತನ್ನು ನಂಬಿಕೊಂಡು ನಾಲ್ಕು ವಾರ ಕಾದೆ.

ಈ ಕಾಗದ ನಿಮಗೆ ಸೇರುವ ಹೊತ್ತಿಗೆ, ಮೇ ಎರಡರಿಂದ, ಹಳೇ ಕಾರ್ಡಿನಲ್ಲಿ ಎರಡು ರಿಂಗ್ ಕೊಡುತ್ತೇನೆ. ಅಮ್ಮನಿಗೋಸ್ಕರ. ನೀವು ಎತ್ತಬೇಡಿ.

ಮಗಳು


ಮೇ 3

ಕಾಲು ಕೆ.ಜಿ.ಗೆ,

ಈ ಸಲವೂ ಬೈಗುಳದಿಂದಲೇ ಶುರು, ಆದರೆ ಬೈಸಿಕೊಳ್ಳುವವನು ಬೇರೆ. ನಿನ್ನ ಕಾಗದವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಓದಿ ಮುಗಿಸಿ ಬಾಗಿಲು ಹಾಕಿದೆ. ಗಿರಾಕಿಯೊಬ್ಬ ಹೊರಗೆ ಬಡಿಯುತ್ತಿದ್ದ, ಇವತ್ತು ಕೆಲಸ ಇಲ್ಲ ಎಂದೆ.

ಬೆಂಚಿನ ಕೆಳಗೆ ಒಂದು ತಗಡಿನ ಡಬ್ಬ ಇದೆ, ನಿನಗೆ ಗೊತ್ತು. ಹೊಟ್ಟೆ ಕೊರೆದು ಒಳಗೆ ಟೊಳ್ಳು ಮಾಡಿದ ತೂಕದ ಕಲ್ಲುಗಳನ್ನು ಅದರಲ್ಲಿ ಹಾಕಿಡುತ್ತೇನೆ, ಯಾರು ಕೇಳಿದರೂ ವಾಪಸ್ ಕೊಡುವುದಿಲ್ಲ. ಖಾಲಿಯಾದ ಹಳದಿ ಕಾರ್ಡು ಒಂದನ್ನು ಕಳಿಸು, ಅದರ ಜಾಗ ಅಲ್ಲೇ. ಆ ಕಂಪನಿಯವರಿಗೆ ನಾಲ್ಕು ಪುಟದ ಕಾಗದ ಬರೆದಿದ್ದೇನೆ, ಇದರ ಜೊತೆ ಇದೆ. ಅಲ್ಲಿಯ ಭಾಷೆಗೆ ಮಾಡಿಸಿ ಕಳಿಸು. ಎರಡನೇ ಪುಟದಲ್ಲಿ ಕೆಲವು ಮಾತುಗಳಿವೆ, ಅವುಗಳನ್ನು ಹೆಣ್ಣುಮಗಳು ಹೇಳುವುದು ಬೇಡ, ಆ ಡ್ರೈವರ್ ಕೈಯಲ್ಲಿ ಹೇಳಿಸು. ಅವನ ಬಾಯಿ ಎಷ್ಟು ಗಟ್ಟಿ ಎಂದು ನನಗೂ ಗೊತ್ತಾಗಲಿ.

ಕಲ್ಲನ್ನು ಮಗುಚಿ ನೋಡುವವನು ಕಾರ್ಡನ್ನು ಮಗುಚು ಎಂದು ನಿನಗೆ ಹೇಳಲಿಲ್ಲ. ದೊಡ್ಡ ಅಂಕಿ ಕಂಡೆ, ಆಸೆಬಿದ್ದೆ. ಲೆಕ್ಕ ತಪ್ಪಿದಾಗ ಅಂಕಿಯನ್ನು ಬಿಟ್ಟು ನಿನ್ನನ್ನು ಹಿಡಿದೆ. ಆ ಮಾತನ್ನು ಬರೆದ ಕೈ ನನ್ನದೇ. ಎರಡು ದಿನದಿಂದ ಅದನ್ನು ನೋಡಿದರೆ ಮೈ ಉರಿಯುತ್ತದೆ. ನಿನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆಯನ್ನು ಠಪ್ ಎಂದು ಮುಂದೆ ಇಡುತ್ತಾಳೆ, ನಾನೂ ಸದ್ದಿಲ್ಲದೆ ತಿನ್ನುತ್ತೇನೆ. ತಪ್ಪಾಯಿತು.

ಒಂದು ಸಲ ಮದುವೆಯಾಗಿ ಬಿಟ್ಟವನು ಎಂಬುದು ನನಗೆ ಹಿಡಿಸಿಲ್ಲ. ದಿನಸಿ ಅಂಗಡಿಯಾಕೆಗೆ ನನಗಿಂತ ಮೊದಲು ಗೊತ್ತಾಯಿತು ಎಂಬುದಂತೂ ಇನ್ನೂ ಹಿಡಿಸಿಲ್ಲ. ಭಾನುವಾರ ಹಳೇ ಕಾರ್ಡಿನಲ್ಲಿ ಮಾಡು. ಹಿಡಿಸಿಲ್ಲ ಎಂದು ನಾನು ಅವನಿಗೇ ಹೇಳುತ್ತೇನೆ. ಅವನು ಉತ್ತರ ಹೇಳಲಿ, ಕೇಳುತ್ತೇನೆ. ಇಪ್ಪತ್ತಾರು ನಿಮಿಷವನ್ನೂ ನಿನ್ನ ಅಮ್ಮ ನಮಗೆ ಬಿಟ್ಟುಕೊಡುತ್ತಾಳಂತೆ. ಇದನ್ನು ಅವಳು ಗೋಡೆಗೆ ಹೇಳಿದಳು, ನಾನು ಕೇಳಿಸಿಕೊಂಡೆ.

ನಿನ್ನೆ ಏಳಕ್ಕೆ ಫೋನ್ ಬಂತು. ಎಂಟು ವಾರದ ಮೇಲೆ. ನನ್ನ ಕೈ ಅದರ ಮೇಲೇ ಇತ್ತು. ಎತ್ತಬೇಡಿ ಎಂದು ಬರೆದಿದ್ದೆಯಲ್ಲ, ಎತ್ತಲಿಲ್ಲ. ಎರಡು ರಿಂಗ್ ಆಗಿ ನಿಂತಿತು. ನಿನ್ನ ಅಮ್ಮ ದೀಪ ಹಾಕಿದಳು. ನಾನು ಫೋನಿನ ಮುಂದೆ ಹಾಗೇ ಕೂತಿದ್ದೆ. ಇಷ್ಟು ದಿನ ಇದನ್ನು ಉಪಾಯ ಎಂದುಕೊಂಡಿದ್ದೆ, ಮಗಳು ಕರೆಯುತ್ತಾಳೆ, ನಾನು ಸುಮ್ಮನೆ ಕೂರುತ್ತೇನೆ.

ಈ ಕಾಗದ ಕೈಗೆ ಬಂದ ದಿನದಿಂದ ಎರಡಕ್ಕೆ ಇಡಬೇಡ. ದಿನಕ್ಕೊಂದು ನಿಮಿಷ ಹೋದರೆ ಹೋಗಲಿ. ಮೂರನೇ ರಿಂಗಿಗೆ ನಾನು ಎತ್ತುತ್ತೇನೆ, ಮನೆ ಸೇರಿದೆ ಎಂದು ಬಾಯಿಬಿಟ್ಟು ಹೇಳು.

ಅಪ್ಪ